ಕಲ್ಲು ಹೂ ಬಿಡುವ ತನಕ

ಒಂದು ಹನಿ ನೀರು ಸಾಕು! ಒಣಗಿ ಸುಕ್ಕಾಗಿ, ಸತ್ತೇ ಹೋಗಿದೆ ಅನ್ನಿಸುವ ಲಿಥಾಪ್ಸ್ ಎಂಬ ಗಿಡದ ಕಾಯಿಯನ್ನು ಅಂಗೈ ಮೇಲಿಟ್ಟುಕೊಂಡು ಅದರ ನೆತ್ತಿಗೆ ಆ ಹನಿ ಬಿಡಿ. ರೆಪ್ಪೆ ಮಿಟುಕಿಸದೆ ನೋಡುತ್ತಿರಿ. ಕೆಲವೇ ನಿಮಿಷಗಳಲ್ಲಿ ಕಾಯಿಯ ಮುಚ್ಚಳಗಳು ಅಲುಗುತ್ತವೆ, ನಡುವಿನಿಂದ ಬಿಡಿಸಿಕೊಳ್ಳುತ್ತವೆ, ಹಿಂದಕ್ಕೆ ಮಗುಚಿ ಪೂರ್ತಿ ತೆರೆದುಕೊಳ್ಳುತ್ತವೆ. ಆ ಮುಚ್ಚಳಗಳಲ್ಲಿ ಜೀವವೇ ಇಲ್ಲ! ನೀರು ಹೀರಿ ಉಬ್ಬುವ ನಿರ್ಜೀವ ಅಂಗಾಂಶವೇ ಇಷ್ಟೆಲ್ಲ ಮಾಡುತ್ತದೆ. ಒಣಗಲು ಬಿಡಿ, ಏನೂ ಆಗಿಲ್ಲವೆಂಬಂತೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಯಾಕೆ ಈ ಏರ್ಪಾಡು? ಈ ಗಿಡದ ತವರು ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾದ ಕಲ್ಲುಬಯಲು. ಅಲ್ಲಿ ಮಳೆ ಅಪರೂಪದ ನೆಂಟ. ಒಣ ನೆಲಕ್ಕೆ ಬಿದ್ದ ಬೀಜ ವ್ಯರ್ಥ. ಹಾಗಾಗಿ ತಾಯಿಗಿಡ ಬೀಜವನ್ನು ಬಚ್ಚಿಟ್ಟುಕೊಂಡು ಕಾಯುತ್ತದೆ. ಮೊದಲ ಹನಿಗಳು ಬಾಗಿಲು ತೆರೆಸುತ್ತವೆ, ಹಿಂದೆಯೇ ಬೀಳುವ ಹನಿಗಳು ಬೀಜವನ್ನು ಸಿಡಿಸಿ ಹೊರಗೆ ಚಿಮ್ಮಿಸುತ್ತವೆ. ಮಳೆ ಬಂದಿದೆ ಎಂಬ ಖಾತ್ರಿ ಸಿಕ್ಕ ಮೇಲಷ್ಟೇ ಬಿತ್ತನೆ!

1811ರಲ್ಲಿ ವಿಲಿಯಂ ಬರ್ಚೆಲ್ ಎಂಬ ಇಂಗ್ಲಿಷ್ ಅನ್ವೇಷಕ ದಕ್ಷಿಣ ಆಫ್ರಿಕಾದ ಪ್ರೀಸ್ಕಾ ಬಳಿ ವಿಚಿತ್ರ ಆಕಾರದ ಬೆಣಚುಕಲ್ಲೊಂದನ್ನು ಕಂಡು ನೆಲದಿಂದ ಎತ್ತಿಕೊಂಡ. ಅದು ಇಂಥದೇ ಒಂದು ಗಿಡವಾಗಿತ್ತು. ಸುತ್ತಲಿನ ಕಲ್ಲಿನದೇ ಬಣ್ಣ, ಅದೇ ಚುಕ್ಕೆ, ಅದೇ ಬಿರುಕು. 1922ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಸಸ್ಯಶಾಸ್ತ್ರಜ್ಞ ಎನ್. ಇ. ಬ್ರೌನ್ ಈ ಗಿಡಗಳಿಗಾಗಿಯೇ ಲಿಥಾಪ್ಸ್ ಎಂಬ ಕುಲವನ್ನು ಕಟ್ಟಿದರು.

ಈಗ ಬೀಜವನ್ನು ನೋಡಿ. ರಾಗಿ ಕಾಳೂ ಇದರ ಮುಂದೆ ದೈತ್ಯ. ದಪ್ಪ ಮರಳು, ಪ್ಯೂಮಿಸ್ ಚೂರು, ತುಸು ಮಣ್ಣು ಬೆರೆಸಿದ ಕುಂಡವನ್ನು ಚೆನ್ನಾಗಿ ನೆನೆಸಿ, ಬೀಜವನ್ನು ಮೇಲ್ಮೈಗೆ ಉದುರಿಸಿ. ಹೂಳಬೇಡಿ, ಬೆಳಕು ತಾಗಲಿ. ಗಾಜು ಅಥವಾ ಪ್ಲಾಸ್ಟಿಕ್ ಮುಚ್ಚಿ ತೇವ ಆರದಂತೆ ಕಾಯಿರಿ. ಬೆಂಗಳೂರಿನಂಥ ಊರಿನಲ್ಲಿ ಮಳೆ ಹಿಂದೆ ಸರಿದು ರಾತ್ರಿ ತಂಪಾಗುವ ಹೊತ್ತು ಇದಕ್ಕೆ ಹದ. ಒಂದೆರಡು ವಾರದಲ್ಲಿ ಮರಳಿನ ಮೇಲೆ ಹಸಿರು ಚುಕ್ಕಿಗಳು ಏಳುತ್ತವೆ. ಭೂತಗನ್ನಡಿ ಹಿಡಿದರೆ ಮೈ ಜುಮ್ಮೆನ್ನುತ್ತದೆ: ಗುಂಡುಸೂಜಿಯ ತಲೆಯಷ್ಟಿರುವ ಮೊಳಕೆಯ ನೆತ್ತಿಯಲ್ಲಿ ಆಗಲೇ ಎರಡು ಎಲೆಗಳ ನಡುವಿನ ಸೀಳು ಇದೆ!

ಆಮೇಲೆ ಕಾಯುವ ಕಾಲ. ತಿಂಗಳುಗಟ್ಟಲೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ನಡೆಯುತ್ತಿರುತ್ತದೆ! ಸೀಳಿನ ಒಳಗೆ ಹೊಸ ಎಲೆಜೋಡಿ ರೂಪುಗೊಂಡು ಹಳೆಯ ಎಲೆಗಳಲ್ಲಿದ್ದ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ತುಂಬಿಕೊಂಡಿದ್ದ ಹಳೆಯ ಮೈ ಸೊರಗುತ್ತ, ಬತ್ತುತ್ತ ಕೊನೆಗೆ ತೆಳ್ಳನೆಯ ಕಾಗದವಾಗಿ ಉಳಿಯುತ್ತದೆ. ಬೆಳೆದ ಗಿಡವೂ ವರ್ಷಕ್ಕೊಮ್ಮೆ ಹೀಗೆ ತನ್ನನ್ನೇ ಉಂಡು ಹೊಸದಾಗುತ್ತದೆ. ಆಗ ನೀರು ಹಾಕಲೇಬಾರದು. ಹಾಕಿದರೆ ಹಳೆಯ ಎಲೆ ಬತ್ತದೆ ಉಳಿದು ಹೊಸದನ್ನು ಅದುಮುತ್ತದೆ, ಗಿಡ ಕೊಳೆಯಲೂಬಹುದು.

ಇನ್ನೊಂದು ಸೋಜಿಗ ಕೇಳಿ. ತವರಿನಲ್ಲಿ ಗಿಡದ ಬಹುಭಾಗ ಮಣ್ಣಿನೊಳಗೆ, ಕಾಣುವುದು ನೆತ್ತಿ ಮಾತ್ರ. ಹಾಗಾದರೆ ಬಿಸಿಲು ಎಲ್ಲಿಂದ? ಆ ನೆತ್ತಿಯೇ ಕಿಟಕಿ! ಪಾರಕ ಅಂಗಾಂಶದ ಮೂಲಕ ಇಳಿದ ಬೆಳಕು ನೆಲದಡಿಯ ಹಸಿರಿಗೆ ತಲುಪುತ್ತದೆ. ಅಡುಗೆಮನೆ ಭೂಮಿಯೊಳಗೆ, ಕಿಟಕಿ ಆಕಾಶಕ್ಕೆ.

ಮೂರು ವರ್ಷವೋ ನಾಲ್ಕೋ ಕಳೆದ ಮೇಲೆ ಒಂದು ಮಧ್ಯಾಹ್ನ ಸೀಳಿನಿಂದ ಹಳದಿಯೋ ಬಿಳಿಯೋ ಹೂವೊಂದು ಮೇಲೇಳುತ್ತದೆ. ಎಷ್ಟೋ ಸಲ ಗಿಡವನ್ನೇ ಮುಚ್ಚುವಷ್ಟು ಅಗಲ! ಆದರೆ ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಬೀಜ ಬೇಕಿದ್ದರೆ ಬೇರೆ ಬೇರೆ ಬೀಜದಿಂದ ಹುಟ್ಟಿದ ಎರಡು ಗಿಡ ಒಟ್ಟಿಗೆ ಅರಳಬೇಕು. ಸಣ್ಣ ಕುಂಚದಿಂದ ಪರಾಗ ದಾಟಿಸಿ.

ಬೀಜದ ಪೊಟ್ಟಣಗಳ ಮೇಲೆ 'ಸಿ' ಅಕ್ಷರದ ಮುಂದೊಂದು ಸಂಖ್ಯೆ ಇರುವುದುಂಟು. ಅದರ ಹಿಂದೆ ಇಬ್ಬರ ಬದುಕಿದೆ. ಡೆಸ್ಮಂಡ್ ಕೋಲ್ ಜೊಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಭಾಷೆಗಳ ಪ್ರಾಧ್ಯಾಪಕರಾಗಿದ್ದವರು, ಸೆಟ್ಸ್ವಾನಾ ಭಾಷೆಗೆ ವ್ಯಾಕರಣ ಬರೆದವರು. ಅವರೂ ಪತ್ನಿ ನೌರೀನ್ ಅವರೂ ದಶಕಗಳ ಕಾಲ ಕಲ್ಲುಬಯಲು ಸುತ್ತಿ, ಸುಮಾರು 400 ನೆಲೆಗಳ ಗಿಡಗಳಿಗೆ ಸಂಖ್ಯೆ ಕೊಟ್ಟರು. ನಿಮ್ಮ ಕುಂಡದ ಮೊಳಕೆಯ ಪೂರ್ವಜರು ಯಾವ ಬಯಲಿನವರು ಎಂಬುದನ್ನು ಆ ಸಂಖ್ಯೆ ಹೇಳುತ್ತದೆ!

ಆ ಬಯಲುಗಳಿಗೀಗ ಕಳ್ಳರ ಕಾಟ. ಮುಖ್ಯವಾಗಿ ಇದರ ಹತ್ತಿರದ ಬಂಧುವಾದ ಕೋನೊಫೈಟಮ್ ಗಿಡಗಳನ್ನು ಕಿತ್ತು ಸಾಗಿಸುತ್ತಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ 2019ರಿಂದೀಚೆಗೆ ವಶಪಡಿಸಿಕೊಂಡ ರಸಭರಿತ (ಸಕ್ಯುಲೆಂಟ್) ಗಿಡಗಳ ಲೆಕ್ಕ ಲಕ್ಷಗಳಲ್ಲಿದೆ. ದಶಕಗಳ ಬಾಳು ಒಂದು ಚೀಲಕ್ಕೆ ಸೇರಿ ಮುಗಿಯುತ್ತದೆ. ಆದ್ದರಿಂದ ಕಳಕಳಿಯಿಂದ ಕೇಳುತ್ತೇನೆ: ಇಂಥ ಗಿಡ ಕೊಳ್ಳುವಾಗ ಬೀಜದಿಂದ ಬೆಳೆಸಿದ್ದೇ ಎಂದು ವಿಚಾರಿಸಿ. ಸರಿಯಾದ ಉತ್ತರ ಸಿಗದಿದ್ದರೆ ಕೊಳ್ಳಬೇಡಿ, ಬೀಜ ತರಿಸಿ ನೀವೇ ಬಿತ್ತಿ.