ಹಲ್ಲು ಹೇಳುವ ವಯಸ್ಸು

ದನಗಳ ಜಾತ್ರೆಗೆ ಹೋದವರು ಈ ನೋಟವನ್ನು ಕಂಡೇ ಇರುತ್ತಾರೆ. ಹೋರಿಯನ್ನು ಕೊಳ್ಳಬಂದ ರೈತ ಮೊದಲು ಅದರ ಮೈ ಸವರುತ್ತಾನೆ, ನಡಿಗೆ ನೋಡುತ್ತಾನೆ. ಕೊನೆಗೆ ಮೂಗುದಾರ ಹಿಡಿದು, ತುಟಿ ಬಿಡಿಸಿ, ಹಲ್ಲನ್ನು ಎಣಿಸುತ್ತಾನೆ. ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದರೆ ಸಾಕು, ವಯಸ್ಸು ತಿಳಿದಂತೆಯೇ. ಮಾರುವವನ ಮಾತಿಗಿಂತ ಹೋರಿಯ ಹಲ್ಲಿನ ಮಾತಿಗೆ ಅಲ್ಲಿ ಬೆಲೆ ಹೆಚ್ಚು.

ಮನುಷ್ಯರ ಮಕ್ಕಳ ವಯಸ್ಸನ್ನೂ ಹೀಗೆ ಹಲ್ಲಿನಿಂದ ತಿಳಿಯಬಹುದೆ? ತಿಳಿಯಬಹುದು, ಆದರೆ ಎಷ್ಟರಮಟ್ಟಿಗೆ ಎಂಬುದೇ ಪ್ರಶ್ನೆ. ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಕಳವಿನ ಆಪಾದನೆಯ ಮೇಲೆ ಹಿಡಿದು ತಂದ ಹುಡುಗನೊಬ್ಬನ ಬಳಿ ಜನನಪತ್ರವೂ ಇಲ್ಲ, ಶಾಲೆಯ ಕಾಗದವೂ ಇಲ್ಲ ಎಂದಿಟ್ಟುಕೊಳ್ಳೋಣ. ಅವನಿಗೆ ಹದಿನೇಳು ವರ್ಷವಾಗಿದ್ದರೆ ಅವನ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ಮೊದಲಾಗುತ್ತದೆ. ಹತ್ತೊಂಬತ್ತಾಗಿದ್ದರೆ ದೊಡ್ಡವರ ನ್ಯಾಯಾಲಯ, ದೊಡ್ಡವರ ಸೆರೆಮನೆ. ಎರಡೇ ವರ್ಷದ ಅಂತರ ಒಂದು ಬಾಳಿನ ದಾರಿಯನ್ನೇ ಬದಲಿಸಬಲ್ಲುದು.

ಈ ಪ್ರಶ್ನೆ ಮೊದಲು ದೊಡ್ಡದಾಗಿ ಎದ್ದದ್ದು ಇಂಗ್ಲೆಂಡಿನ ಬಟ್ಟೆಯ ಗಿರಣಿಗಳಲ್ಲಿ. ೧೮೩೩ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ರೇಷ್ಮೆ ಗಿರಣಿಗಳನ್ನು ಬಿಟ್ಟರೆ ಉಳಿದ ಬಟ್ಟೆಯ ಗಿರಣಿಗಳಲ್ಲಿ ೯ ವರ್ಷ ತುಂಬದ ಮಕ್ಕಳನ್ನು ದುಡಿಸಕೂಡದು. ೯ರಿಂದ ೧೩ರೊಳಗಿನವರನ್ನು ವಾರಕ್ಕೆ ೪೮ ಗಂಟೆಗಿಂತ ಹೆಚ್ಚು ದುಡಿಸಕೂಡದು. ಕಾಯಿದೆಯೇನೋ ಬಂತು, ಮಗುವಿಗೆ ೯ ತುಂಬಿದೆಯೆಂದು ಹೇಳುವವರು ಯಾರು? ಸರ್ಕಾರವೇ ಜನನಗಳನ್ನು ಬರೆದಿಡುವ ಏರ್ಪಾಡು ಆ ದೇಶದಲ್ಲಿ ಪ್ರಾರಂಭವಾದದ್ದು ೧೮೩೭ರಲ್ಲಿ. ಬಡ ತಂದೆತಾಯಿಗಳಿಗೆ ಮಗುವಿನ ಕೂಲಿ ಬೇಕು, ಗಿರಣಿಯವನಿಗೆ ಅಗ್ಗದ ಆಳು ಬೇಕು. ವೈದ್ಯನು ಮಗುವಿನ ಎತ್ತರವನ್ನೂ ಮೈಕಟ್ಟನ್ನೂ ನೋಡಿ ಪತ್ರ ಬರೆದುಕೊಡುತ್ತಿದ್ದನು. ಬೆಳೆದ ಎಂಟು ವರ್ಷದ ಮಗು ಒಳಗೆ ಹೋಗುತ್ತಿತ್ತು.

ಆಗ ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯರು ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿಯನ್ನು ಪರೀಕ್ಷಿಸಿದರು. ಎತ್ತರಕ್ಕಿಂತ ಹಲ್ಲು ಬಹಳ ನಂಬಿಕೆಗೆ ಯೋಗ್ಯವಾದ ಸಾಕ್ಷಿ ಎಂದು ೧೮೩೭ರಲ್ಲಿ ಒಂದು ಪುಸ್ತಿಕೆಯ ಮೂಲಕ ಪಾರ್ಲಿಮೆಂಟಿಗೆ ನಿವೇದಿಸಿಕೊಂಡರು. ಹಲ್ಲಿನಿಂದ ವಯಸ್ಸನ್ನು ಅಳೆಯುವ ಶಾಸ್ತ್ರಕ್ಕೆ ಇದೇ ತಳಹದಿ ಎನ್ನಬಹುದು.

ಸಾಂಡರ್ಸರು ನೋಡಿದ್ದು ಒಸಡಿನಿಂದ ಹೊರಬಂದ ಹಲ್ಲುಗಳನ್ನು ಮಾತ್ರ. ಆದರೆ ಹಲ್ಲಿನ ಹುಟ್ಟು ಒಸಡಿನ ಹೊರಗಲ್ಲ, ದವಡೆಯ ಒಳಗೆ. ಆರನೆಯ ವರ್ಷದಲ್ಲಿ ಕಾಣಿಸಿಕೊಳ್ಳುವ ಮೊದಲ ಶಾಶ್ವತ ದವಡೆಹಲ್ಲು ಗಟ್ಟಿಗೊಳ್ಳಲು ತೊಡಗುವುದು ಮಗು ಹುಟ್ಟುವ ಹೊತ್ತಿಗೇ. ಮನೆ ಕಟ್ಟುವವರು ಮೊದಲು ಅಡಿಪಾಯ ಹಾಕುತ್ತಾರೆ; ಹಲ್ಲಿನ ಕಟ್ಟಡ ಇದಕ್ಕೆ ತಿರುವುಮುರುವು. ಮೊದಲು ತುದಿ, ಅನಂತರ ಅಗಿಯುವ ತಲೆಭಾಗ, ಕಟ್ಟಕಡೆಗೆ ಬೇರು. ಹಲ್ಲು ಬಾಯಲ್ಲಿ ಮೂಡಿದ ಮೇಲೂ ಬೇರು ಬೆಳೆಯುತ್ತಲೇ ಇದ್ದು, ಅದರ ತುದಿ ಮುಚ್ಚಿಕೊಳ್ಳಲು ಸುಮಾರು ಮೂರು ವರ್ಷ ಹಿಡಿಯುತ್ತದೆ.

ಹಲ್ಲು ಮೂಡುವ ಗಳಿಗೆಯನ್ನು ಹಲವು ಕಾರಣಗಳು ಹಿಂದುಮುಂದು ಮಾಡಬಲ್ಲುವು. ಹಾಲುಹಲ್ಲು ಹುಳುಕಾಗಿ ಬೇಗ ಬಿದ್ದಿರಬಹುದು, ದವಡೆಯಲ್ಲಿ ಜಾಗ ಸಾಲದೆ ಇರಬಹುದು. ಒಳಗಿನ ಬೆಳವಣಿಗೆ ಹಾಗಲ್ಲ. ಅದು ತನ್ನ ಪಾಡಿಗೆ ತಾನು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆಯುತ್ತದೆ. ಅರೆಹೊಟ್ಟೆಯ ಮಗುವಿನ ಎತ್ತರ ಕುಗ್ಗುತ್ತದೆ, ಮೂಳೆಯ ಬೆಳವಣಿಗೆ ಹಿಂದೆ ಬೀಳುತ್ತದೆ. ಹಲ್ಲಿನ ಬೆಳವಣಿಗೆಗೆ ತಗಲುವ ಪೆಟ್ಟು ಇವೆರಡಕ್ಕಿಂತ ಕಡಿಮೆ. ಬಡಮಕ್ಕಳ ವಯಸ್ಸನ್ನು ಕುರಿತು ಹಲ್ಲಿನ ಸಾಕ್ಷ್ಯ ಬೆಲೆಯುಳ್ಳದ್ದಾಗುವುದು ಇದರಿಂದಲೇ.

ಈ ಒಳಗಿನ ಕೆಲಸವನ್ನು ಕಣ್ಣಿಗೆ ತೋರಿಸಿದ್ದು ಕ್ಷ-ಕಿರಣ. ರಂಟ್ಗನ್ ಅದನ್ನು ಕಂಡುಹಿಡಿದದ್ದು ೧೮೯೫ರಲ್ಲಿ. ಮರುವರ್ಷವೇ ಜರ್ಮನಿಯ ಒಟ್ಟೊ ವಾಲ್ಕಾಫ್ ಎಂಬ ದಂತವೈದ್ಯರು ತಮ್ಮ ಹಲ್ಲಿನದೇ ಚಿತ್ರ ತೆಗೆಸಿಕೊಂಡರು. ಅದಕ್ಕಾಗಿ ೨೫ ನಿಮಿಷ ಅಲುಗಾಡದೆ ಇರಬೇಕಾಯಿತು. ಈಗ ಮುಖದ ಸುತ್ತ ಒಂದು ಸುತ್ತು ತಿರುಗುವ ಯಂತ್ರವು ಕೆಲವೇ ಸೆಕೆಂಡುಗಳಲ್ಲಿ ಎರಡು ದವಡೆಗಳನ್ನೂ ಒಂದೇ ಚಿತ್ರದಲ್ಲಿ ಹರವಿ ತೋರಿಸುತ್ತದೆ.

ಚಿತ್ರವನ್ನು ಓದುವ ಕ್ರಮಗಳು ಹಲವಾರು. ಹೆಚ್ಚು ಬಳಕೆಯಲ್ಲಿರುವುದು ಕೆನಡ ದೇಶದ ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಡೆಮಿರ್ಜಿಯನ್ ಮತ್ತು ಅವರ ಸಂಗಡಿಗರು ೧೯೭೩ರಲ್ಲಿ ಪ್ರಕಟಿಸಿದ ಕ್ರಮ. ಕೆಳದವಡೆಯ ಎಡಭಾಗದ ಏಳು ಹಲ್ಲುಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಬುದ್ಧಿಹಲ್ಲನ್ನು ಬಿಡುತ್ತಾರೆ. ಒಂದೊಂದು ಹಲ್ಲಿನ ಬೆಳವಣಿಗೆಗೂ ೮ ಮೆಟ್ಟಿಲುಗಳು. ತುದಿ ಗಟ್ಟಿಯಾಗುವುದು ಮೊದಲನೆಯ ಮೆಟ್ಟಿಲು, ತಲೆಭಾಗ ಪೂರ್ಣವಾಗುವುದು ನಾಲ್ಕನೆಯದು, ಬೇರಿನ ತುದಿ ಮುಚ್ಚುವುದು ಎಂಟನೆಯದು. ಮೆಟ್ಟಿಲಿಗೆ ತಕ್ಕ ಅಂಕಗಳನ್ನು ಕೂಡಿಸಿದರೆ ನೂರಕ್ಕೆ ಇಷ್ಟು ಎಂದು ಬರುತ್ತದೆ. ಆ ಮೊತ್ತಕ್ಕೆ ಎದುರಾಗಿ ಪಟ್ಟಿಯಲ್ಲಿ ವಯಸ್ಸು ಇರುತ್ತದೆ. ಹೆಣ್ಣುಮಕ್ಕಳ ಹಲ್ಲು ಗಂಡುಮಕ್ಕಳಿಗಿಂತ ಮುಂಚೆ ಬೆಳೆಯುವುದರಿಂದ ಇಬ್ಬರಿಗೂ ಪಟ್ಟಿ ಬೇರೆ ಬೇರೆ.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ತೊಂದರೆಯೇನು ಎನ್ನಿಸಬಹುದು. ತೊಂದರೆ ಎರಡು ಕಡೆ ಇದೆ.

ಮೊದಲನೆಯದು, ಪಟ್ಟಿ ಯಾರ ಮಕ್ಕಳದು ಎಂಬುದು. ಡೆಮಿರ್ಜಿಯನ್ನರ ಪಟ್ಟಿ ಕೆನಡದ ಫ್ರೆಂಚ್ ಮೂಲದ ಮಕ್ಕಳನ್ನು ನೋಡಿ ಮಾಡಿದ್ದು. ಬೇರೆ ಬೇರೆ ದೇಶಗಳ ಮಕ್ಕಳಿಗೆ ಅದನ್ನು ಹಚ್ಚಿ ನೋಡಿದಾಗ, ಅನೇಕ ಕಡೆ ಮಕ್ಕಳ ನಿಜವಾದ ವಯಸ್ಸಿಗಿಂತ ಹೆಚ್ಚಿನ ವಯಸ್ಸು ಬಂದಿತು. ಆದುದರಿಂದ ಆಯಾ ನಾಡಿಗೆ ಹೊಂದುವ ಲೆಕ್ಕ ಬೇಕಾಗುತ್ತದೆ. ನಮ್ಮ ಧಾರವಾಡದ ದಂತವೈದ್ಯ ಕಾಲೇಜಿನಲ್ಲಿದ್ದ ಡಾ. ಅಶಿತ್ ಆಚಾರ್ಯರು ಬುದ್ಧಿಹಲ್ಲನ್ನೂ ಸೇರಿಸಿಕೊಂಡು, ಭಾರತೀಯರಿಗೆ ಒಪ್ಪುವ ಸೂತ್ರಗಳನ್ನು ೨೦೧೧ರಲ್ಲಿ ಪ್ರಕಟಿಸಿದರು.

ಎರಡನೆಯದು ಇನ್ನೂ ದೊಡ್ಡದು. ಪುಟ್ಟ ಮಕ್ಕಳಲ್ಲಿ ಅನೇಕ ಹಲ್ಲುಗಳು ಒಟ್ಟಿಗೆ ಬೆಳೆಯುತ್ತಿರುತ್ತವೆ. ಒಂದರ ಮಾತಿಗೆ ಇನ್ನೊಂದು ಸಾಕ್ಷಿ ನಿಲ್ಲುತ್ತದೆ. ಆದರೆ ೧೫-೧೬ರ ಹೊತ್ತಿಗೆ ಏಳು ಹಲ್ಲುಗಳ ಕಥೆಯೂ ಮುಗಿದಿರುತ್ತದೆ. ಮುಂದೆ ಉಳಿಯುವುದು ಬುದ್ಧಿಹಲ್ಲು ಒಂದೇ. ಹೆಸರಿನಲ್ಲಿ ಬುದ್ಧಿಯಿದ್ದರೂ ನಡತೆಯಲ್ಲಿ ಅದರಷ್ಟು ಚಂಚಲವಾದ ಹಲ್ಲು ಇನ್ನೊಂದಿಲ್ಲ. ಒಬ್ಬರಲ್ಲಿ ಅದರ ಬೇರು ೧೮ರಲ್ಲೇ ಪೂರ್ಣವಾದರೆ, ಇನ್ನೊಬ್ಬರಲ್ಲಿ ೨೨ ದಾಟಬಹುದು. ಕೆಲವರಿಗೆ ಅದು ಹುಟ್ಟುವುದೇ ಇಲ್ಲ. ಕಾನೂನು ಗೆರೆ ಎಳೆದಿರುವುದು ೧೮ರಲ್ಲಿ. ಹಲ್ಲಿನ ಮಾತು ತಡವರಿಸುವುದೂ ಸರಿಯಾಗಿ ಅಲ್ಲಿಯೇ.

ನಮ್ಮ ಕಾನೂನು ಇದನ್ನು ಬಲ್ಲದು. ೧೯೮೨ರಲ್ಲಿ ಜಯಮಾಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕ್ಷ-ಕಿರಣ ಪರೀಕ್ಷೆಯಿಂದ ತಿಳಿದ ವಯಸ್ಸಿನಲ್ಲಿ ಆಚೆಗೂ ಈಚೆಗೂ ಎರಡೆರಡು ವರ್ಷ ವ್ಯತ್ಯಾಸವಿರಬಹುದೆಂದು ಹೇಳಿತು. ೨೦೧೫ರ ಬಾಲನ್ಯಾಯ ಕಾಯಿದೆಯ ೯೪ನೆಯ ವಿಧಿ, ವಯಸ್ಸಿನ ಬಗೆಗೆ ಸಂದೇಹವಿದ್ದಾಗ ಸಾಕ್ಷ್ಯಗಳನ್ನು ಹೀಗೆ ಸಾಲಾಗಿ ನಿಲ್ಲಿಸಿದೆ: ಮೊದಲು ಶಾಲೆಯ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ; ಅದಿಲ್ಲದಿದ್ದರೆ ಕಾರ್ಪೊರೇಷನ್, ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನಪತ್ರ; ಇವೆರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ ಅಥವಾ ಇತರ ವೈದ್ಯಕೀಯ ಪರೀಕ್ಷೆ. ಹಲ್ಲಿನ ಪರೀಕ್ಷೆಗೆ ಸರದಿ ಬರುವುದು ಈ ಕೊನೆಯ ಸಾಲಿನಲ್ಲಿ.

ಹೀಗಿರುವುದೇ ಸರಿ. ವೈದ್ಯರು ಪ್ರಾಮಾಣಿಕವಾಗಿ ಹೇಳಬಲ್ಲುದು ‘ಈ ಮಗುವಿನ ವಯಸ್ಸು ಇಷ್ಟರಿಂದ ಇಷ್ಟರ ಒಳಗೆ’ ಎಂದು. ‘ಇಂಥ ತಾರೀಖು’ ಎಂದಲ್ಲ. ೧೭ರಿಂದ ೨೦ರ ಒಳಗೆ ಎಂಬ ವರದಿಯನ್ನು ಹಿಡಿದು, ಹುಡುಗನಿಗೆ ೧೮ ತುಂಬಿಯೇ ಇದೆ ಎಂದು ತೀರ್ಮಾನಿಸುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ನಮ್ಮ ಮನೆಗಳಲ್ಲಿ ಹಿರಿಯರನ್ನು ಹುಟ್ಟಿದ ದಿನ ಕೇಳಿದರೆ, ‘ದೊಡ್ಡ ಮಳೆ ಬಂದ ವರ್ಷ, ಯುಗಾದಿಯ ಮರುದಿನ’ ಎನ್ನುವುದುಂಟು. ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ ಒಂದನೆಯ ತಾರೀಖು ಎಂದು ಬರೆದುಕೊಂಡು ಮುಗಿಸಿದ್ದೂ ಉಂಟು. ಆ ಕಾಲ ಕಳೆಯಿತು. ೧೯೬೯ರ ಕಾಯಿದೆಯನ್ನು ಅನುಸರಿಸಿ ಜನನವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕು. ಮನೆಯಲ್ಲಿ ಕೂಸು ಹುಟ್ಟಿದರೆ ಇದನ್ನು ಮರೆಯದಿರೋಣ. ಮನೆಗೆಲಸದಾಕೆಯ ಮನೆಯಲ್ಲಿ ತೊಟ್ಟಿಲು ಕಟ್ಟಿದಾಗಲೂ ಒಂದು ಮಾತು ವಿಚಾರಿಸೋಣ. ಆ ಒಂದು ಹಾಳೆ ಕೈಯಲ್ಲಿದ್ದ ಮಗುವಿಗೆ, ತನ್ನ ವಯಸ್ಸನ್ನು ಸಾಧಿಸಲು ಅಪರಿಚಿತರ ಮುಂದೆ ಬಾಯಿ ತೆರೆದು ನಿಲ್ಲುವ ಹೊತ್ತು ಬಾರದು.