ಕಚೇರಿಯ ಕ್ಯಾಲೆಂಡರ್ ಸಹೋದ್ಯೋಗಿಯ ಕೈಗೆ ಒಪ್ಪಿಸುವಾಗ: ಪರ್ವದಿನಗಳಿಗೆ ಮುನ್ನ ತಿಳಿದಿರಬೇಕಾದದ್ದು

ದಶಲಕ್ಷಣ ಪರ್ವದ ಹತ್ತು ದಿನ ಏಕಾಶನ ಅಥವಾ ಉಪವಾಸ ಮಾಡುತ್ತಲೇ ಕೆಲಸಕ್ಕೆ ಹೋಗುವ ಶ್ರಾವಕ-ಶ್ರಾವಿಕೆಯರು ಸಮಾಜದಲ್ಲಿ ಬಹಳ ಮಂದಿ ಇದ್ದಾರೆ. ಬೆಳಿಗ್ಗೆ ಬಸದಿಯಲ್ಲಿ ಅಭಿಷೇಕ, ಪೂಜೆ. ಸಂಜೆ ಪ್ರವಚನ, ಪ್ರತಿಕ್ರಮಣ. ಇವೆರಡರ ನಡುವೆ ಕಚೇರಿ. ಆ ದಿನಗಳಲ್ಲಿ ಗಂಟೆಗೊಮ್ಮೆ ಫೋನ್ ತೆಗೆದು ಮೀಟಿಂಗ್ ಹೊಂದಿಸುತ್ತಾ ಕುಳಿತರೆ ಸಾಮಾಯಿಕಕ್ಕೆ ಕುಳಿತರೂ ಮನಸ್ಸು ನಿಲ್ಲುವುದಿಲ್ಲ. ಆದ್ದರಿಂದ ಅಷ್ಟು ದಿನಗಳ ಮಟ್ಟಿಗೆ ತಮ್ಮ ಕೆಲಸದ ಕ್ಯಾಲೆಂಡರನ್ನು ನಂಬಿಕಸ್ಥ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸುವುದು ಒಳ್ಳೆಯ ಉಪಾಯ. ಆದರೆ ಒಪ್ಪಿಸುವ ಕ್ರಮ ತಿಳಿದಿರಬೇಕು. ಇಲ್ಲದಿದ್ದರೆ ಮನೆಯ ವಿಷಯ ಬೇರೆಯವರಿಗೆ ತಿಳಿಯುತ್ತದೆ, ಇಲ್ಲವೇ ಕೆಲಸ ಕೆಡುತ್ತದೆ.

ಪಾಸ್‌ವರ್ಡ್ ಕೊಡಬೇಕಿಲ್ಲ

ಕ್ಯಾಲೆಂಡರ್ ನೋಡಿಕೊಳ್ಳಲು ಪಾಸ್‌ವರ್ಡನ್ನೇ ಕೊಟ್ಟುಬಿಡುವವರಿದ್ದಾರೆ. ಇದು ಅಂಗಡಿಯ ಒಂದು ಲೆಕ್ಕದ ಪುಸ್ತಕ ತೋರಿಸುವುದಕ್ಕೆ ತಿಜೋರಿಯ ಬೀಗದ ಕೈ ಕೊಟ್ಟ ಹಾಗೆ. ಪಾಸ್‌ವರ್ಡ್ ಹೋದರೆ ಇಮೇಲ್, ಕಡತಗಳು, ಫೋಟೋಗಳು ಎಲ್ಲವೂ ಹೋದಂತೆ. ಹೆಚ್ಚಿನ ಕಚೇರಿಗಳಲ್ಲಿ ಅದು ನಿಯಮಕ್ಕೂ ವಿರುದ್ಧ.

ಗೂಗಲ್ ಕ್ಯಾಲೆಂಡರ್‌ನಲ್ಲಿ ಕ್ಯಾಲೆಂಡರನ್ನು ಮಾತ್ರ ಹಂಚಿಕೊಳ್ಳಬಹುದು. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಎಡಬದಿಯಲ್ಲಿ ತಮ್ಮ ಕ್ಯಾಲೆಂಡರ್ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ 'ಸೆಟ್ಟಿಂಗ್ಸ್ ಅಂಡ್ ಶೇರಿಂಗ್' ಸಿಗುತ್ತದೆ. ಅಲ್ಲಿ ಸಹೋದ್ಯೋಗಿಯ ಇಮೇಲ್ ವಿಳಾಸ ಸೇರಿಸಿ, ಯಾವ ಮಟ್ಟದ ಅನುಮತಿ ಎಂದು ಆರಿಸಬೇಕು. ಅನುಮತಿಗಳು ನಾಲ್ಕು:

1. ಬಿಡುವು ಇದೆಯೇ ಇಲ್ಲವೇ ಎಂಬುದು ಮಾತ್ರ ಕಾಣುವುದು. ವಿವರ ಕಾಣುವುದಿಲ್ಲ.
2. ಎಲ್ಲ ವಿವರ ಕಾಣುವುದು, ಆದರೆ ಬದಲಿಸಲಾಗದು.
3. ಹೊಸದನ್ನು ಸೇರಿಸುವುದು, ಇದ್ದದ್ದನ್ನು ಬದಲಿಸುವುದು, ಅಳಿಸುವುದು.
4. ಇವೆಲ್ಲದರ ಜೊತೆಗೆ ಮತ್ತೊಬ್ಬರಿಗೂ ಅನುಮತಿ ಕೊಡುವುದು.

ಸಹೋದ್ಯೋಗಿಗೆ ಮೂರನೆಯದು ಸಾಕು. ನಾಲ್ಕನೆಯದನ್ನು ಕೊಟ್ಟರೆ ಕ್ಯಾಲೆಂಡರ್ ಯಾರ ಯಾರ ಕೈ ಸೇರಿತು ಎಂಬ ಹಿಡಿತ ತಪ್ಪುತ್ತದೆ. ಕಚೇರಿಯಲ್ಲಿ ಔಟ್‌ಲುಕ್ ಬಳಸುವವರಿಗೆ 'ಡೆಲಿಗೇಟ್' ಎಂಬ ವ್ಯವಸ್ಥೆ ಇದೆ. ಅದರಲ್ಲಿ ನೇಮಿಸಿದವರು ಮೀಟಿಂಗ್ ಆಹ್ವಾನಗಳಿಗೆ ಅವರ ಪರವಾಗಿ ಉತ್ತರವನ್ನೂ ಕೊಡಬಹುದು.

ಖಾಸಗಿ ಎಂದು ಬರೆದರೆ ಸಾಲದು

ಇಲ್ಲೇ ಹೆಚ್ಚಿನವರು ಎಡವುವುದು. ಗೂಗಲ್ ಕ್ಯಾಲೆಂಡರ್‌ನಲ್ಲಿ ಯಾವುದಾದರೂ ಕಾರ್ಯಕ್ರಮವನ್ನು 'ಪ್ರೈವೇಟ್' ಎಂದು ಗುರುತಿಸಿದ್ದರೂ, ಬದಲಿಸುವ ಅನುಮತಿ ಇರುವವರಿಗೆ ಅದು ಪೂರ್ತಿ ಕಾಣುತ್ತದೆ. ವೈದ್ಯರ ಭೇಟಿ, ಮಗಳ ಸಂಬಂಧದ ಮಾತುಕತೆ, ವಕೀಲರ ಬಳಿ ಹೋಗುವುದು ಎಲ್ಲವನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟವರು ಇದನ್ನು ತಿಳಿದಿರಬೇಕು. ಔಟ್‌ಲುಕ್‌ನಲ್ಲಿ ಹಾಗಲ್ಲ. ಖಾಸಗಿ ವಿಷಯ ಕಾಣಿಸಲು ಪ್ರತ್ಯೇಕವಾಗಿ ಒಪ್ಪಿಗೆಯ ಗುರುತು ಹಾಕಬೇಕು.

ಇದಕ್ಕೆ ಸುಲಭದ ದಾರಿ ಎಂದರೆ ಮನೆ, ಬಸದಿ, ವ್ರತಗಳಿಗೆ ಬೇರೆಯೇ ಒಂದು ಕ್ಯಾಲೆಂಡರ್ ಮಾಡಿಕೊಳ್ಳುವುದು. ಸಹೋದ್ಯೋಗಿಗೆ ಅದರಲ್ಲಿ ಮೊದಲನೆಯ ಅನುಮತಿ ಮಾತ್ರ ಕೊಟ್ಟರೆ, ಆ ಹೊತ್ತು ಬಿಡುವಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ಏಕೆ ಎಂಬುದು ಗೊತ್ತಾಗುವುದಿಲ್ಲ.

ತಿಥಿ, ಸೂರ್ಯಾಸ್ತ ಮೊದಲೇ ಗುರುತಿಸಿ

ಸಹೋದ್ಯೋಗಿ ಜೈನರಲ್ಲದಿದ್ದರೆ ಅವರಿಗೆ ಅಷ್ಟಮಿ, ಚತುರ್ದಶಿ ಯಾವಾಗ ಎಂದು ತಿಳಿಯದು. ಅದು ಅವರ ತಪ್ಪಲ್ಲ. ಒಪ್ಪಿಸುವ ಮೊದಲೇ ಆ ದಿನಗಳನ್ನು ಗುರುತಿಸಿ ಕೊಡಬೇಕು. 'ಪ್ರತಿ ವರ್ಷ' ಎಂದು ಒಮ್ಮೆ ಹಾಕಿಬಿಟ್ಟರೆ ನಡೆಯುವುದಿಲ್ಲ. ದಶಲಕ್ಷಣ ಪರ್ವವು ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ. ಅದು 2024ರಲ್ಲಿ ಸೆಪ್ಟೆಂಬರ್ 8ರಿಂದ 17ರವರೆಗೆ ಬಂದಿತ್ತು, 2025ರಲ್ಲಿ ಆಗಸ್ಟ್ 28ರಿಂದ ಸೆಪ್ಟೆಂಬರ್ 6ರವರೆಗೆ ಬಂದಿತು. ಶ್ವೇತಾಂಬರ ಪರಂಪರೆಯವರಿಗೆ ಪರ್ಯುಷಣ ಎಂಟು ದಿನ, ಕೊನೆಯ ದಿನ ಸಂವತ್ಸರಿ. ಕಾರ್ತಿಕ, ಫಾಲ್ಗುಣ, ಆಷಾಢಗಳಲ್ಲಿ ಬರುವ ಅಷ್ಟಾಹ್ನಿಕ ಪರ್ವವೂ ಹೀಗೆಯೇ ತಾರೀಖು ಬದಲಿಸುತ್ತದೆ. ಪ್ರತಿ ವರ್ಷ ಪಂಚಾಂಗ ನೋಡಿ, ಊರಿನ ಬಸದಿಯಲ್ಲಿ ವಿಚಾರಿಸಿ ಹೊಸದಾಗಿ ತುಂಬಬೇಕು.

ರಾತ್ರಿಭೋಜನ ತ್ಯಾಗ ಇರುವವರಿಗೆ ಸಂಜೆಯ ಊಟದ ಹೊತ್ತು ಮುಖ್ಯ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಸೂರ್ಯಾಸ್ತ ಸುಮಾರು 5.50ಕ್ಕೆ, ಜುಲೈ ಆರಂಭದಲ್ಲಿ ಸುಮಾರು 6.50ಕ್ಕೆ. ಒಂದು ಗಂಟೆಯ ವ್ಯತ್ಯಾಸ. ಜುಲೈಯಲ್ಲಿ 6ರಿಂದ 6.30 ಎಂದು ಹಾಕಿದ ಊಟದ ಹೊತ್ತು ನವೆಂಬರ್‌ನಲ್ಲಿ ಉಪಯೋಗಕ್ಕೆ ಬಾರದು. ಅಷ್ಟು ಹೊತ್ತಿಗೆ ಕತ್ತಲಾಗಿರುತ್ತದೆ. ಸಂಜೆ 5 ಗಂಟೆಗೆ ಮೀಟಿಂಗ್ ಇಟ್ಟರೆ ಆ ದಿನ ಒಬ್ಬರು ಉಪವಾಸವೇ ಮಲಗುತ್ತಾರೆ ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಯಾವ ಸಹೋದ್ಯೋಗಿಯೂ ಬೇಸರಿಸುವುದಿಲ್ಲ.

ಇವುಗಳ ಜೊತೆಗೆ ಮೂರು ಮಾತು ಬರೆದು ಕೊಡುವುದು ಒಳ್ಳೆಯದು: ಯಾವುದನ್ನು ಕೇಳದೆಯೇ ಒಪ್ಪಬಹುದು, ಯಾವುದನ್ನು ಕೇಳಿಯೇ ಒಪ್ಪಬೇಕು, ಯಾವುದನ್ನು ಮುಟ್ಟಲೇಬಾರದು.

ಜವಾಬ್ದಾರಿ ಯಾರದು?

ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನು ಪಾಠಶಾಲೆಯ ಮಕ್ಕಳೂ ಕಲಿಯುತ್ತಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಮೂರಕ್ಕೂ ಹೊಣೆ ಇದೆ. ಕ್ಯಾಲೆಂಡರ್ ಬೇರೆಯವರ ಕೈಯಲ್ಲಿದ್ದರೂ ಅದರಲ್ಲಿ ಒಪ್ಪಿಕೊಂಡ ಮಾತು ಅದರ ಒಡೆಯರದೇ. ಗ್ರಾಹಕರು ಬಂದು ಕಾದು ಹೋದರೆ 'ಅದನ್ನು ಅವರು ಹಾಕಿದ್ದು' ಎನ್ನುವಂತಿಲ್ಲ. ದಿನಕ್ಕೊಮ್ಮೆ ಐದು ನಿಮಿಷ ನೋಡಿಕೊಳ್ಳಬೇಕು. ಗೂಗಲ್‌ನಲ್ಲಿ ಅಳಿಸಿದ್ದು ಸುಮಾರು 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ತಪ್ಪಿ ಅಳಿಸಿದ್ದನ್ನು ಅಲ್ಲಿಂದ ಮರಳಿ ತರಬಹುದು.

ಕ್ಯಾಲೆಂಡರ್ ವಹಿಸಿಕೊಂಡವರಿಗೂ ಧರ್ಮವಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಎರಡು ಇಲ್ಲಿಗೆ ನೇರವಾಗಿ ಹೊಂದುತ್ತವೆ. ರಹೋಭ್ಯಾಖ್ಯಾನ ಎಂದರೆ ಇನ್ನೊಬ್ಬರ ಗುಟ್ಟನ್ನು ಹೊರಗೆಡಹುವುದು. ಯಾರು ಯಾವ ವೈದ್ಯರನ್ನು ಕಂಡರು, ಯಾರು ಯಾವ ಕಂಪನಿಯವರ ಜೊತೆ ಮಾತಾಡಿದರು ಎಂಬುದನ್ನು ಚಹಾದ ಹೊತ್ತಿನಲ್ಲಿ ಹೇಳುವುದೂ ಅದೇ. ಕೂಟಲೇಖಕ್ರಿಯೆ ಎಂದರೆ ಸುಳ್ಳು ಬರೆಯುವುದು. ಬಸದಿಗೆ ಹೋಗುವ ಹೊತ್ತನ್ನು 'ಗ್ರಾಹಕರ ಭೇಟಿ' ಎಂದು ಬರೆಯುವುದು, ಸಹೋದ್ಯೋಗಿಯಿಂದ ಬರೆಸುವುದು ಎರಡೂ ಇದಕ್ಕೆ ಸೇರುತ್ತವೆ. ಪೂಜೆಗಾಗಿ ಸುಳ್ಳು ಬರೆಸಿದರೆ ಪೂಜೆಯ ಫಲವೇನು? 'ಬಿಡುವಿಲ್ಲ' ಎಂದಷ್ಟೇ ಬರೆದರೆ ಸಾಕು, ಅದು ನಿಜವೂ ಹೌದು.

ಮರಳಿ ಪಡೆಯುವುದು

ಪರ್ವ ಮುಗಿದ ಮೇಲೆ ಅನುಮತಿ ತಾನಾಗಿ ಹೋಗುವುದಿಲ್ಲ. ಅದೇ ಸೆಟ್ಟಿಂಗ್ಸ್‌ಗೆ ಹೋಗಿ ಸಹೋದ್ಯೋಗಿಯ ಹೆಸರು ತೆಗೆಯಬೇಕು. ತೆಗೆಯುವ ಮುನ್ನ ಅವರಿಗೆ ತಿಳಿಸುವುದು ಮರ್ಯಾದೆ. ಅವರು ಕೆಲಸ ಬಿಟ್ಟಾಗ ಅಥವಾ ವಿಭಾಗ ಬದಲಿಸಿದಾಗಲೂ ಇದನ್ನು ಮರೆಯಬಾರದು.

ಆ ಹತ್ತು ದಿನ ತಮ್ಮ ಕೆಲಸದ ಜೊತೆ ಇನ್ನೊಬ್ಬರ ಕೆಲಸವನ್ನೂ ಹೊತ್ತವರ ಉಪಕಾರ ದೊಡ್ಡದು. ಅವರ ಹಬ್ಬಕ್ಕೋ ಮನೆಯ ಮದುವೆಗೋ ಅವರ ಕ್ಯಾಲೆಂಡರನ್ನು ತಾವು ನೋಡಿಕೊಳ್ಳುವುದು ನ್ಯಾಯ. ಕ್ಷಮಾವಳಿಯ ದಿನ ಬಂಧುಗಳಲ್ಲಿ ಕ್ಷಮೆ ಕೇಳುವಾಗ ಆ ಸಹೋದ್ಯೋಗಿಯನ್ನೂ ನೆನೆಯಬೇಕು.