ಬೆಳ್ಳಂದೂರಿನ ಮಹಡಿಯಲ್ಲಿ ನಾಟಿ ಅವರೆ

ಹೊರವರ್ತುಲ ರಸ್ತೆ ಬರುವ ಮೊದಲು ಬೆಳ್ಳಂದೂರಿನ ಸುತ್ತ ರಾಗಿ ಹೊಲಗಳಿದ್ದವು. ರಾಗಿ ಇದ್ದಲ್ಲಿ ಅಕ್ಕಡಿ ಸಾಲಿಗೆ ಅವರೆ ಬೀಳುತ್ತಿತ್ತು. ಆ ಹೊಲಗಳಲ್ಲಿ ಈಗ ಟೆಕ್ ಪಾರ್ಕುಗಳೂ ಅಪಾರ್ಟ್‌ಮೆಂಟುಗಳೂ ಎದ್ದಿವೆ. ಹಾಗೆಂದು ಅವರೆ ಊರು ಬಿಡಬೇಕಾಗಿಲ್ಲ. ಒಳ್ಳೆಯ ಬಿಸಿಲು ಬೀಳುವ ಮಹಡಿ, ಒಂದಡಿ ಆಳದ ಮಣ್ಣು ಇದ್ದರೆ ಅದಕ್ಕೆ ಸಾಕು.

ಪೊದೆಯಾಗಿ ಬೆಳೆಯುವ ಅವರೆ ಎಂದರೆ ರೈತರು ಹೇಳುವುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4ರ ಹೆಸರನ್ನು. ಇವನ್ನು ಯಾವ ತಿಂಗಳಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ಹೈಬ್ರಿಡ್ ಅಲ್ಲವಾದ್ದರಿಂದ ಬೀಜವನ್ನೂ ಎತ್ತಿಟ್ಟುಕೊಳ್ಳಬಹುದು. ಆದರೆ ಸೊಗಡು ಬೇಕೆಂದರೆ ನಾಟಿ ಅವರೆಯೇ ಆಗಬೇಕು. ಕಾಯಿ ಮುಟ್ಟಿದ ಬೆರಳಿಗೆ ಎಣ್ಣೆಯಂಥ ಜಿಗುಟು ಅಂಟುತ್ತದಲ್ಲ, ಸಿಪ್ಪೆಯ ಮೇಲೆ ಒಸರುವ ಆ ಕೊಬ್ಬಿನ ಆಮ್ಲಗಳಿಂದಲೇ ಹಿತಕಿದ ಬೇಳೆ ಸಾರಿನ ಪರಿಮಳ ಶುರುವಾಗುವುದು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲೂ ಅವರೆಯ ಕುರುಹು ಸಿಕ್ಕಿದೆ. ಅಷ್ಟು ಹಳೆಯ ನಂಟನ್ನು ನಮ್ಮ ಕಾಲದಲ್ಲಿ ಕಡಿದುಕೊಳ್ಳಬಾರದು.

ನಾಟಿ ಅವರೆ ಹಗಲು ಕುಗ್ಗಿ ರಾತ್ರಿ ಹಿಗ್ಗಿದ ಮೇಲಷ್ಟೇ ಹೂ ಬಿಡುತ್ತದೆ. ಜೂನ್‌ನಲ್ಲೇ ಬಿತ್ತಿದರೆ ಅಲ್ಲಿಯವರೆಗೂ ಸುಮ್ಮನೆ ಹಬ್ಬುತ್ತಲೇ ಇರುತ್ತದೆ. ಹೊಲಕ್ಕೆ ಅದು ಸರಿ, ಕುಂಡಕ್ಕೆ ಸಲ್ಲದು. ಆಗಸ್ಟ್ ಕೊನೆಗೆ ಬಿತ್ತಿ, ಒಂದೆರಡು ಸಲ ಕುಡಿ ಚಿವುಟಿದರೆ ಗಿಡ ಪೊದೆಯಾಗಿ ನಿಲ್ಲುತ್ತದೆ. ಗೊಬ್ಬರ ಕಡಿಮೆ ಹಾಕಿ, ಹೆಚ್ಚಾದರೆ ಬರೀ ಸೊಪ್ಪು. ಕುಡಿಗೆ ಕರಿ ಹೇನು ಮುತ್ತಿದರೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಿದರಾಯಿತು.

ಬೆಳ್ಳಂದೂರಿನಲ್ಲಿ ನಿಜವಾದ ತೊಡಕು ಬೆಳಕಿನದು. ಬೀದಿ ದೀಪದ ಬುಡದಲ್ಲಿರುವ ಸೋಯಾ ಗಿಡ ತಡವಾಗಿ ಹೂ ಬಿಡುವುದು ಗೊತ್ತಿರುವ ಸಂಗತಿ. ಅವರೆಯದೂ ಅದೇ ಸ್ವಭಾವ. ರಾತ್ರಿಯಿಡೀ ಉರಿಯುವ ಫ್ಲಡ್‌ಲೈಟಿನ ಎದುರು ಕುಂಡ ಇಟ್ಟು ಹೂವಿಗೆ ಕಾಯುವುದಕ್ಕಿಂತ, ನೀರಿನ ಟ್ಯಾಂಕಿನ ಮರೆಯಲ್ಲಿ ರಾತ್ರಿ ಕತ್ತಲಾಗುವ, ಹಗಲು ಬಿಸಿಲು ಬೀಳುವ ಜಾಗ ಹುಡುಕುವುದು ಮೇಲು.

ಬೀಜದ ವಿಷಯದಲ್ಲಿ ಹಲವರು ಒಳ್ಳೆಯ ಕಾಯನ್ನೆಲ್ಲ ತಿಂದು, ಕಡೆಗೆ ಉಳಿದ ಸೊಟ್ಟ ಕಾಯನ್ನು ಒಣಗಲು ಬಿಡುತ್ತಾರೆ. ಆಗಬೇಕಾದ್ದು ಇದಕ್ಕೆ ತಿರುವುಮುರುವು. ಮೊದಲ ಕಾಯಿ ಬಿಡುವಾಗಲೇ ಗಟ್ಟಿಮುಟ್ಟಾದ, ಸೊಗಡು ಹೆಚ್ಚಿರುವ ಎರಡು ಗಿಡಕ್ಕೆ ದಾರ ಕಟ್ಟಿ. ಅದರ ಒಂದು ಕಾಯನ್ನೂ ಅಡುಗೆಗೆ ಕೀಳಬೇಡಿ. ಅವರೆ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ದುಂಬಿಗಳು ಅಷ್ಟಿಷ್ಟು ಬೆರಕೆ ಮಾಡುವುದರಿಂದ ಎರಡು ತಳಿಗಳನ್ನು ಒತ್ತೊತ್ತಾಗಿ ಬೆಳೆಯದಿರುವುದು ಒಳ್ಳೆಯದು. ಕಾಯಿ ಒಣಗಿ, ಅಲುಗಿಸಿದರೆ ಗಲಗಲ ಅನ್ನಬೇಕು. ಆಗ ಬಿಡಿಸಿ ನೆರಳಲ್ಲಿ ಹರಡಿ. ಹಲ್ಲಿಟ್ಟು ಕಚ್ಚಿದರೆ ಗುರುತು ಬೀಳದಷ್ಟು ಒಣಗಿರಬೇಕು.

ಅಲ್ಲಿಂದ ಮುಂದಿನ ಶತ್ರು ಕುಟ್ಟೆ ಹುಳು. ಕಾಳನ್ನು ಬೆಳಕಿಗೆ ಹಿಡಿದು ನೋಡಿ: ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿದ್ದರೆ ಅದು ಅದರ ಮೊಟ್ಟೆ. ಮರಿ ನೇರ ಕಾಳಿನೊಳಕ್ಕೆ ಕೊರೆದು, ತಿಂದು ಬೆಳೆದು, ದುಂಡನೆಯ ತೂತು ಮಾಡಿ ಹೊರಬೀಳುತ್ತದೆ. ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಇದಕ್ಕೆಂದೇ ಕಾಳಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಜರಡಿ ಹಿಡಿದ ಮಣ್ಣನ್ನು ನೀರಲ್ಲಿ ಕದಡಿ, ಕಾಳಿಗೆ ಬಳಿದು, ಗರಗರ ಒಣಗಿಸಿ ಎತ್ತಿಡುವುದು. ಬೂದಿ ಬೆರೆಸುವವರೂ, ಸೋರೆ ಬುರುಡೆಯಲ್ಲಿ ತುಂಬಿ ಬಾಯಿ ಮೆತ್ತುವವರೂ ಇದ್ದರು. ಫ್ಲ್ಯಾಟಿನ ಮನೆಗೆ ಇನ್ನೂ ಸುಲಭದ ದಾರಿಯಿದೆ. ಚೆನ್ನಾಗಿ ಒಣಗಿದ ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಂದೆರಡು ವಾರ ಫ್ರೀಜರ್‌ನಲ್ಲಿಟ್ಟರೆ ಮೊಟ್ಟೆ, ಮರಿ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿಯುವವರೆಗೆ ಮುಚ್ಚಳ ತೆರೆಯಬೇಡಿ, ಬೀಜ ಬೆವತು ಬೂಷ್ಟು ಹಿಡಿಯುತ್ತದೆ.

ಮೊದಲ ಹಿಡಿ ಬೀಜ ಎಲ್ಲಿಂದ? ಅವರೆ ಬೆಳೆಯುವ ನೆಂಟರಿದ್ದರೆ ಅವರನ್ನೇ ಕೇಳಿ. ಇಲ್ಲದಿದ್ದರೆ ದೇಸಿ ತಳಿಗಳ ಕೆಲಸದಲ್ಲಿ ತೊಡಗಿರುವ ಸಹಜ ಸಮೃದ್ಧದಂಥ ಸಂಸ್ಥೆಗಳ ಬೀಜಮೇಳಗಳಿವೆ, ತಾರಸಿ ತೋಟಗಾರರ ಕೂಟಗಳಿವೆ. ತಂದದ್ದಾಗಲಿ, ಮನೆಯದಾಗಲಿ, ಬಿತ್ತುವ ವಾರ ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಂಟು ಮೊಳೆತರೆ ಗುಣಿಗೊಂದು ಹಾಕಿದರೆ ಸಾಕು. ಐದೇ ಮೊಳೆತರೆ ಎರಡೆರಡು ಹಾಕಿ, ಬಲವಾದದ್ದನ್ನು ಉಳಿಸಿಕೊಳ್ಳಿ.